ಮಳೆಗಾಲದ ಭೂಗೋಳ ಪಾಠ

ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗಳು ಕಳೆದ ಜೂನ್ ಕೊನೆಗೆ ರಜೆಯಲ್ಲಿ ಡೊಂಬಿವಲಿಗೆ ಬಂದಳು. ವಯಸ್ಸು ಹದಿನಾಲ್ಕು. ಬ್ಯಾಗಿನಲ್ಲಿ ಚಾಕೊಲೇಟಿನ ಜೊತೆ ಒಂದು ದಪ್ಪ ಪುಸ್ತಕ. ಒಂಬತ್ತನೇ ತರಗತಿಗೆ ‘ಎಪಿ ಹ್ಯೂಮನ್ ಜಿಯಾಗ್ರಫಿ’ ತೆಗೆದುಕೊಂಡಿದ್ದಾಳಂತೆ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ, ಮೇ ತಿಂಗಳಲ್ಲಿ ಪರೀಕ್ಷೆ. ರಜೆಯಲ್ಲೇ ಮುಗಿಸಬೇಕಾದ ಕೆಲಸ ಎರಡು: ಒಂದು ನಗರವನ್ನು ಸುತ್ತಿ ನೋಡಿ ಅದರ ನಕ್ಷೆ ಬರೆಯಬೇಕು, ವಲಸೆ ಬಂದ ಒಬ್ಬರನ್ನು ಮಾತಾಡಿಸಿ ಬರೆಯಬೇಕು.

“ಮಾವ, ನೀನೇ ಹೆಲ್ಪ್ ಮಾಡಬೇಕು” ಅಂದಳು. ಎಂಸಿಎ ಮುಗಿಸಿ ಹದಿನೈದು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತವನು ನಾನು. ಭೂಗೋಳ ಬಿಟ್ಟದ್ದು ಹತ್ತನೇ ತರಗತಿಯಲ್ಲಿ. ಆದರೂ ಎರಡು ಶನಿವಾರ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೊರಟೆ.

ಮೊದಲ ಶನಿವಾರ ಘಾಟ್‌ಕೋಪರಿನಲ್ಲಿ ಇಳಿದು ಮೆಟ್ರೋ ಹಿಡಿದು ಅಂಧೇರಿಗೆ. ಕಟ್ಟಡಗಳ ಸಂದಿಯಲ್ಲಿ ಸುಮಾರು 200 ಅಡಿ ಎತ್ತರಕ್ಕೆ ನೆಟ್ಟಗೆ ನಿಂತ ಕಪ್ಪು ಕಲ್ಲು, ಗಿಲ್ಬರ್ಟ್ ಹಿಲ್. ಲಾವಾ ಆರುವಾಗ ಬಿರಿದು ಕಂಬ ಕಂಬವಾದದ್ದು. ವಯಸ್ಸು ಸುಮಾರು 6.6 ಕೋಟಿ ವರ್ಷ. ತುದಿಯಲ್ಲಿ ಗಾಂವ್‌ದೇವಿ ಗುಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲೂ ಇಂಥವೇ ಕಂಬಗಳಿವೆ, ಅವು ಇದಕ್ಕಿಂತ ಹಳೆಯವು, ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟ ಕಾಲದ್ದು, ಸುಮಾರು 8.8 ಕೋಟಿ ವರ್ಷ ಎಂದೆ. “ಹಾಗಾದರೆ ಅಜ್ಜನ ಊರು ಮುಂಬಯಿಗಿಂತ ಸೀನಿಯರ್” ಅಂದಳು.

ನಕ್ಷೆಯಲ್ಲಿ ಮಾತ್ರ ತೊಡಕಾಯಿತು. ಅವಳ ಪುಸ್ತಕದಲ್ಲಿ ನಗರವೆಂದರೆ ವೃತ್ತದೊಳಗೊಂದು ವೃತ್ತ: ನಡುವೆ ವ್ಯಾಪಾರ, ಸುತ್ತ ಕಾರ್ಖಾನೆ, ಆಚೆ ಮನೆಗಳು. 1925ರಲ್ಲಿ ಬರ್ಗೆಸ್ ಎಂಬವರು ಶಿಕಾಗೋ ನೋಡಿ ಬರೆದದ್ದು. ಮುಂಬಯಿ ಆ ವೃತ್ತದಲ್ಲಿ ಕೂರುವುದಿಲ್ಲ. ಏಳು ದ್ವೀಪಗಳ ನಡುವಿನ ನೀರು ತುಂಬಿಸಿ ಮಾಡಿದ ನೆಲ. ಪೇಟೆ ದಕ್ಷಿಣದ ತುದಿಯಲ್ಲಿ, ಮೂರು ಕಡೆ ನೀರು. ಬೆಳೆಯುವುದಾದರೆ ಉತ್ತರಕ್ಕೇ ಬೆಳೆಯಬೇಕು, ಅದೂ ರೈಲು ಹಳಿಯ ಗುಂಟ. ಅವಳು ರಬ್ಬರಿನಿಂದ ಮೂರು ಸಲ ಅಳಿಸಿದಳು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಪೆನ್ಸಿಲ್ ತೆಗೆದುಕೊಂಡು ಉದ್ದಕ್ಕೆ ಮೂರು ಗೆರೆ ಎಳೆದರು: ವೆಸ್ಟರ್ನ್, ಸೆಂಟ್ರಲ್, ಹಾರ್ಬರ್. ದೂರವನ್ನು ಕಿಲೋಮೀಟರಿನಲ್ಲಲ್ಲ, ನಿಮಿಷದಲ್ಲಿ ಬರೆದರು. ನನಗೆ ಅದಕ್ಕಿಂತ ಸರಿಯಾದ ನಕ್ಷೆ ಹೊಳೆಯಲಿಲ್ಲ.

ಹಾಗಾಗಿ ಎರಡನೇ ಶನಿವಾರ ಅಪ್ಪನನ್ನೂ ಕರೆದುಕೊಂಡು ಫೋರ್ಟ್ ಸುತ್ತಿದೆವು. ವಾಪಸು ಬರುವಾಗ ಜೋರು ಮಳೆ. ಲೋಕಲ್ ಸಾಯನ್ ದಾಟಿ ಕುರ್ಲಾ ಮುಟ್ಟುವ ಮೊದಲೇ ನಿಂತಿತು. ಹಳಿಯ ಮೇಲೆ ನೀರು. ಸಾಯನ್ ಅಂದರೆ ಮರಾಠಿಯ ‘ಶೀವ್’, ಗಡಿ. ಹಳೆಯ ಮುಂಬಯಿ ದ್ವೀಪ ಅಲ್ಲಿಗೆ ಮುಗಿದು ಆಚೆಗೆ ಸಾಷ್ಟಿ ಶುರುವಾಗುತ್ತಿತ್ತು. ವಿಹಾರ್, ಪವಾಯಿ ಕೆರೆಗಳ ಕೋಡಿ ನೀರು ಮೀಠಿ ನದಿಯಾಗಿ ಇಲ್ಲೇ ಹಳಿಯಡಿ ಹಾದು ಮಾಹಿಮ್ ಕೊಲ್ಲಿಗೆ ಹೋಗುತ್ತದೆ. ದೊಡ್ಡ ಮಳೆಯೂ ಸಮುದ್ರದ ಉಬ್ಬರವೂ ಒಟ್ಟಿಗೆ ಬಂದರೆ ನೀರಿಗೆ ದಾರಿಯಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿದಾಗ ಅಪ್ಪ ಎರಡು ರಾತ್ರಿ ಹೋಟೆಲಿನಲ್ಲೇ ಮಲಗಿದ್ದರು.

ರೈಲು ನಿಂತೇ ಇತ್ತು. ಅವಳು ಪ್ರಶ್ನೆಗಳ ಹಾಳೆ ತೆಗೆದಳು. ಊರಿಂದ ದೂಡಿದ ಕಾರಣ ಒಂದು ಕಡೆ, ನಗರ ಸೆಳೆದ ಕಾರಣ ಇನ್ನೊಂದು ಕಡೆ.

“ಸೆಳೆದದ್ದ್ ಎಂತದೂ ಇಲ್ಲ ಮಗಾ. ಹೊಟ್ಟಿಗಿಲ್ದೆ ಬಂದದ್ದ್” ಅಂದರು ಅಪ್ಪ.

1968, ಅವರಿಗೆ ಹದಿಮೂರು. ಕುಂದಾಪುರದ ಒಳಗಿನ ಹಳ್ಳಿ. ಗೇಣಿ ಕೊಟ್ಟು ಉಳಿದ ಅಕ್ಕಿ ಮಳೆಗಾಲ ದಾಟಿಸುತ್ತಿರಲಿಲ್ಲ. ಊರಿನವರೊಬ್ಬರು ಫೋರ್ಟಿನ ಹೋಟೆಲಿಗೆ ಕರೆತಂದರು. ಇದಕ್ಕೆ ‘ಸರಪಳಿ ವಲಸೆ’ ಎಂಬ ಹೆಸರಿದೆ ಎಂದು ಮೊಮ್ಮಗಳು ಹೇಳಿದಳು. ಹಗಲು ಮೋರಿಯಲ್ಲಿ ತಟ್ಟೆ ತೊಳೆಯುವುದು, ರಾತ್ರಿ ಕನ್ನಡ ಶಾಲೆ. 1974ರ ಭೂಸುಧಾರಣೆಯಲ್ಲಿ ಗದ್ದೆ ಊರಲ್ಲಿದ್ದ ದೊಡ್ಡಪ್ಪನ ಹೆಸರಿಗಾಯಿತು. ಅಷ್ಟರಲ್ಲಿ ಅಪ್ಪ ಇಲ್ಲಿಯವರಾಗಿದ್ದರು.

“ರಾತ್ರಿ ಶಾಲೆ ಪಾಸ್ ಆಯ್ತಾ ಅಜ್ಜ?”

ಅಪ್ಪ ಕಿಟಕಿಯ ಕಡೆ ನೋಡಿದರು. “ಇಲ್ಲ. ಭೂಗೋಳದಂಗೆ ಹೋಯ್ತ್. ನಕ್ಷೆ ಬಿಡ್ಸೂಕೆ ಕೊಟ್ಟಿರ್, ನಂಗೆ ನಿದ್ರಿ ಬಂತ್.”

ಅಪ್ಪ ಮ್ಯಾಟ್ರಿಕ್ ಪಾಸು ಎಂದೇ ನಾವಿಬ್ಬರೂ ಮಕ್ಕಳು ಇಷ್ಟು ವರ್ಷ ನಂಬಿದ್ದೆವು. ನನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗಲೆಲ್ಲ ಅವರು ಭೂಗೋಳದ ಅಂಕವನ್ನೇ ಮೊದಲು ನೋಡುತ್ತಿದ್ದುದು ಆಗ ನೆನಪಾಯಿತು. ನಾನು ಏನೂ ಹೇಳಲಿಲ್ಲ. ಅವಳು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದಳು. 1885ರಲ್ಲಿ ರಾವೆನ್‌ಸ್ಟೈನ್ ಎಂಬವರು ವಲಸೆಯ ನಿಯಮ ಬರೆದರಂತೆ. ಅದರಲ್ಲೊಂದು: ಪ್ರತಿ ಪ್ರವಾಹಕ್ಕೂ ಒಂದು ಎದುರು ಪ್ರವಾಹ ಇರುತ್ತದೆ, ಹೋದವರಲ್ಲಿ ಕೆಲವರು ಮರಳುತ್ತಾರೆ.

“ನಂದೊಂದ್ ಬಾಕಿ ಇತ್ತ್” ಅಂದರು ಅಪ್ಪ.

ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿರುವ ಜಗಳ ಅದೇ. ಅಪ್ಪನಿಗೆ ಊರಿಗೆ ಹೋಗಿ ಇರಬೇಕು. ಮಂಡಿ ನೋವು, ಹತ್ತಿರ ಆಸ್ಪತ್ರೆ ಇಲ್ಲ ಎಂದು ನಾನೂ ಅಕ್ಕನೂ ತಡೆಯುತ್ತಿದ್ದೇವೆ. ಮನೆ ಮುಟ್ಟಿದ ಮೇಲೆ ಹುಡುಗಿ ಅಮ್ಮನ ಮುಂದೆ ಕೂತಳು. ನಮ್ಮ ಜನಗಣತಿಯಲ್ಲಿ ಹೆಂಗಸರ ವಲಸೆಗೆ ಅತಿ ದೊಡ್ಡ ಕಾರಣ ಮದುವೆ. ಅಮ್ಮನದೂ ಅಷ್ಟೇ.

“ಬಪ್ಪತ್ತಿಗೆ ನನ್ನತ್ರ ಯಾರೂ ಕೇಣಲಿಲ್ಲ” ಅಂದರು ಅಮ್ಮ. “ಹೋಪತ್ತಿಗಾದ್ರೂ ಕೇಣಿ.”

ಅಪ್ಪನಿಗೆ ಊರೆಂದರೆ ಹಿಂದೆ ಬಿಟ್ಟು ಬಂದದ್ದು. ಅಮ್ಮನಿಗೆ ಊರೆಂದರೆ ಡೊಂಬಿವಲಿಯ ಭಜನೆಯ ಗೆಳತಿಯರು, ನಲ್ಲಿ ನೀರಿನ ಹೊತ್ತು, ಕೆಳಗಿನ ತರಕಾರಿಯವನು. ಇಷ್ಟು ದಿನ ನಾವು ಅಪ್ಪನ ಮಂಡಿಯ ಬಗ್ಗೆಯೇ ಮಾತಾಡಿದ್ದೆವು. ಅಮ್ಮನನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

ಹುಡುಗಿ ಆಗಸ್ಟಿನಲ್ಲಿ ವಾಪಸು ಹೋದಳು. ‘ಸ್ವಂತ ಊರು’ ಎಂಬ ಜಾಗದಲ್ಲಿ ಅಜ್ಜನಿಗೊಂದು, ಅಜ್ಜಿಗೊಂದು ಬರೆದುಕೊಂಡಿದ್ದಾಳೆ. ದೀಪಾವಳಿ ಕಳೆದ ಮೇಲೆ ಎರಡು ತಿಂಗಳ ಮಟ್ಟಿಗೆ ಇಬ್ಬರೂ ಊರಿಗೆ ಹೋಗಿ ಇದ್ದು ನೋಡುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ. ಮತ್ಸ್ಯಗಂಧದಲ್ಲಿ ಕುಂದಾಪುರಕ್ಕೆ ಟಿಕೆಟ್ ಆಗಿದೆ. ವಾಪಸು ಟಿಕೆಟನ್ನೂ ಆಗಲೇ ತೆಗೆಸಬೇಕೆಂದವರು ಅಮ್ಮ. ಅಪ್ಪ ಬೇಡ ಎನ್ನಲಿಲ್ಲ.