ಚಿತ್ರಗಳ ಬೆಸುಗೆ

ಬೆಸುಗೆ ಎದ್ದು ಕಾಣದಂತೆ ಒಡವೆಯನ್ನು ಕೂಡಿಸುವ ಅಕ್ಕಸಾಲಿಗನ ಜಾಣ್ಮೆಯನ್ನು ನಾವೆಲ್ಲರೂ ಮೆಚ್ಚುತ್ತೇವೆ. ಬೇರೆ ಬೇರೆ ಕಡೆ ತೆಗೆದ ಚಲಚ್ಚಿತ್ರಗಳನ್ನು ಒಂದೇ ದೃಶ್ಯವೆಂಬಂತೆ ಬೆಸೆಯುವ ವಿದ್ಯೆಯೂ ಅಂಥದೇ. ಇದಕ್ಕೆ ಕಾಂಪೋಸಿಟಿಂಗ್ ಎಂದು ಹೆಸರು. ಇದು ಗಣಕಯಂತ್ರದೊಡನೆ ಹುಟ್ಟಿದ ವಿದ್ಯೆಯಲ್ಲ. 1898ರಲ್ಲಿಯೇ ಫ್ರಾನ್ಸಿನ ಜಾರ್ಜ್ ಮೆಲಿಯೆ ತನ್ನ ತಲೆಯನ್ನು ತಾನೇ ತೆಗೆದು ಮೇಜಿನ ಮೇಲಿಡುವುದನ್ನು ಚಿತ್ರದಲ್ಲಿ ತೋರಿಸಿದನು. ಕಪ್ಪು ಹಿನ್ನೆಲೆಯಿದ್ದ ಕಡೆ ಫಿಲ್ಮಿಗೆ ಬೆಳಕು ತಾಗುವುದಿಲ್ಲ. ಅದೇ ಫಿಲ್ಮನ್ನು ಮತ್ತೊಮ್ಮೆ ಓಡಿಸಿ ಆ ಬರಿದಾದ ಜಾಗದಲ್ಲಿ ಇನ್ನೊಂದು ತಲೆಯನ್ನು ಮೂಡಿಸಬಹುದು. 1957ರ ‘ಮಾಯಾಬಜಾರ್’ ಚಿತ್ರದಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆಯವರು ಘಟೋತ್ಕಚನ ಮಾಯೆಯನ್ನು ಕಟ್ಟಿಕೊಟ್ಟದ್ದೂ ಗಣಕಯಂತ್ರದ ನೆರವಿಲ್ಲದೆಯೇ.

ಈ ವಿದ್ಯೆಯ ಮೊದಲ ಪಾಠಗಳನ್ನು ಮುಗಿಸಿ ನಾನು ಎರಡನೆಯ ಮೆಟ್ಟಿಲನ್ನು ಏರಿದಾಗ ದೊರೆತ ಅಭ್ಯಾಸ ಇದು: ಹಸಿರು ಪರದೆಯ ಮುಂದೆ ನಡೆದ ಹುಡುಗಿಯೊಬ್ಬಳನ್ನು ಸಂಜೆಯ ಹೊಳೆದಂಡೆಗೆ ತರಬೇಕು. ಮನುಷ್ಯನ ಮೈಬಣ್ಣಕ್ಕೂ ಹಸಿರಿಗೂ ಬಹಳ ದೂರ. ಆದುದರಿಂದ ಯಂತ್ರವು ಅವೆರಡನ್ನೂ ಸುಲಭವಾಗಿ ಬೇರ್ಪಡಿಸುತ್ತದೆ. ಕಷ್ಟವಿರುವುದು ಕೂದಲಿನ ಅಂಚಿನಲ್ಲಿ. ಅಲ್ಲಿ ಚಿತ್ರದ ಒಂದು ಬಿಂದು ಪೂರ್ತಿ ಕೂದಲೂ ಅಲ್ಲ, ಪೂರ್ತಿ ಪರದೆಯೂ ಅಲ್ಲ. ಹೀಗಿರಲು ಪ್ರತಿ ಬಿಂದುವಿಗೂ ಸೊನ್ನೆಯಿಂದ ಒಂದರವರೆಗಿನ ಒಂದು ಸಂಖ್ಯೆಯನ್ನು ಕೊಡುತ್ತಾರೆ; ಅದು ಆಲ್ಫಾ. ಅದು 0.3 ಆದರೆ ಮೂರು ಪಾಲು ಕೂದಲು, ಏಳು ಪಾಲು ಹಿಂದಿನ ಹೊಳೆ. ಈ ಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎಂಬವರು 1984ರಲ್ಲಿ ಕ್ರಮವಾಗಿ ನಿರೂಪಿಸಿದರು.

ಗಣಿತವೆಲ್ಲ ಸರಿಹೋದ ಮೇಲೂ ಹುಡುಗಿ ದಂಡೆಯ ಮೇಲೆ ನಿಲ್ಲಲಿಲ್ಲ, ತೇಲುತ್ತಿದ್ದಳು. ಅವಳಿಗೆ ನೆರಳು ಬೇಕಾಗಿತ್ತು. ಕಲಿಸುವವರು ಯಂತ್ರವನ್ನು ಆರಿಸಿ ಅಂಗಳಕ್ಕೆ ಹೋಗೆಂದರು. ಅಂದಿನಿಂದ ಹಲವು ಸಂಜೆ ನೆರಳನ್ನೇ ನೋಡುತ್ತ ನಿಂತೆ. ಪಾದದ ಬಳಿ ಅದರ ಅಂಚು ಹರಿತ. ತಲೆಯ ಕಡೆಗೆ ಹೋದಂತೆ ಮಸುಕು. ಸೂರ್ಯನು ಆಕಾಶದಲ್ಲಿ ಒಂದು ಚುಕ್ಕೆಯಲ್ಲ, ಅಗಲವುಳ್ಳ ಬಿಂಬ. ಅದೇ ಇದಕ್ಕೆ ಕಾರಣ. ದೂರದ ಮರದ ಕಪ್ಪು ಹತ್ತಿರದ ಜಡೆಯ ಕಪ್ಪಿನಷ್ಟು ಗಾಢವಲ್ಲ, ನಡುವೆ ಗಾಳಿಯಿದೆ, ಧೂಳಿದೆ. ಉಯ್ಯಾಲೆ ತುದಿಗಳಲ್ಲಿ ನಿಧಾನ, ನಡುವೆ ಬಿರುಸು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಐದು ಸೆಕೆಂಡಿನ ದೃಶ್ಯಕ್ಕೆ 120 ಚೌಕಟ್ಟು; ಇವುಗಳಲ್ಲಿ ಎಲ್ಲಿ ಈ ನಿಯಮ ತಪ್ಪಿದರೂ ನೋಡುವವನ ಕಣ್ಣು ಕಾರಣ ತಿಳಿಯದೆಯೇ ಅನುಮಾನಿಸುತ್ತದೆ.

ಚಲಚ್ಚಿತ್ರದ ಮಾಯೆಗೆ ಪ್ರೇಕ್ಷಕನು ತಾನಾಗಿಯೇ ಒಪ್ಪಿ ಕುಳಿತಿರುತ್ತಾನೆ. ಸುದ್ದಿಯೆಂದು ಬರುವ ಚಿತ್ರವನ್ನು ನೋಡುವವನು ಹಾಗೆ ಒಪ್ಪಿಲ್ಲ. ಅಲ್ಲಿ ಇದೇ ಬೆಸುಗೆ ನಡೆದರೆ ಅದು ಕಲೆಯಲ್ಲ, ವಂಚನೆ. ಬೆಸೆಯಬಲ್ಲ ಕಣ್ಣು ಬೆಸುಗೆಯನ್ನು ಪತ್ತೆಹಚ್ಚಲೂ ಬಲ್ಲದು: ಎರಡು ಮುಖಗಳ ಮೇಲಿನ ಬೆಳಕು ಎರಡು ದಿಕ್ಕಿನಿಂದ ಬಂದಿದ್ದರೆ ಅದು ತಟ್ಟನೆ ನಿಲ್ಲುತ್ತದೆ. ಈ ವಿದ್ಯೆಯನ್ನು ಕಲಿಯುವವನು ಎರಡನ್ನೂ ಕಲಿಯುತ್ತಾನೆ. ಯಾವುದನ್ನು ಎಲ್ಲಿ ಬಳಸಬೇಕೆಂಬುದನ್ನು ಯಂತ್ರವು ಹೇಳಿಕೊಡುವುದಿಲ್ಲ. ಅದನ್ನು ಅವನೇ ತೀರ್ಮಾನಿಸಬೇಕು.