ಕಡಲ ನಡುವೆ ಕರೆಯ ಬೆಲೆ

ನಮ್ಮ ನೀಲಗುಂದವು ಕಡಲನ್ನು ಕಂಡ ಊರಲ್ಲ. ಹರಪನಹಳ್ಳಿಯಿಂದ ನೈರುತ್ಯಕ್ಕೆ ಹೊರಟರೆ ಅರ್ಧ ಗಂಟೆಯೊಳಗೆ ಸಿಕ್ಕುವ ಈ ಗ್ರಾಮದ ಸುತ್ತಲೂ ಮಳೆಯನ್ನೇ ನೆಚ್ಚಿದ ಹೊಲಗಳು. ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ. ಊರಿನ ಹಿರಿಮೆಯೆಂದರೆ ಕಲ್ಯಾಣದ ಚಾಲುಕ್ಯರ ಕಾಲದ ಭೀಮೇಶ್ವರ ದೇವಾಲಯ. ಬಳಪದ ಕಲ್ಲಿನಲ್ಲಿ ಕಡೆದ ಆ ಗುಡಿಯನ್ನು ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸನು ಚಾಲುಕ್ಯ ವಾಸ್ತುಶಿಲ್ಪವನ್ನು ಕುರಿತ ತನ್ನ 1896ರ ಗ್ರಂಥದಲ್ಲಿ ಸೇರಿಸಿಕೊಂಡಿದ್ದಾನೆ. ಆರನೆಯ ವಿಕ್ರಮಾದಿತ್ಯನ ಕಾಲದ ತಾಮ್ರಶಾಸನಗಳು ದೊರೆತ ಊರೂ ಇದೇ. ಒಮ್ಮೆ ತಾಮ್ರಕ್ಕೂ ಅಕ್ಕಸಾಲಿಗನಿಗೂ ಬೆಲೆ ತೆತ್ತ ಮೇಲೆ, ಆ ಸಂದೇಶಕ್ಕಾಗಿ ಒಂಬೈನೂರು ವರ್ಷ ಯಾರೂ ಮತ್ತೆ ಕಾಸು ಕಟ್ಟಬೇಕಾಗಲಿಲ್ಲ. ನಮ್ಮ ಕಾಲದ ಸಂದೇಶಗಳ ಹಣೆಬರಹವೇ ಬೇರೆ.

ಇನ್ನೊಂದು ವಿಶೇಷವುಂಟು. ಊರು ಒಂದಂಗುಲವೂ ಕದಲದೆ ಜಿಲ್ಲೆಗಳನ್ನು ದಾಟಿದೆ. ಬಳ್ಳಾರಿಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. ಊರು ಕದಲದಿದ್ದರೂ ಜನ ಕದಲುತ್ತಾರೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯವರು ಗಂಟುಮೂಟೆ ಕಟ್ಟಿಕೊಂಡು ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಹಳೆಯ ಸಂಗತಿ. ಆದ್ದರಿಂದ ದೂರ ಹೋದವರ ಸುದ್ದಿಗಾಗಿ ಕಾಯುವುದು ಏನೆಂಬುದನ್ನು ನಮ್ಮವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಕಳೆದ ರಜೆಯಲ್ಲಿ ಮಿತ್ರರಿಬ್ಬರ ಕುಟುಂಬದೊಡನೆ ನಾವು ಮುಂಬಯಿಯಿಂದ ಗೋವೆಗೆ ವಿಹಾರನೌಕೆಯಲ್ಲಿ ಹೋಗಿಬರುವುದೆಂದು ನಿಶ್ಚಯವಾಯಿತು. ಬೀಳ್ಕೊಳ್ಳಲು ಊರಿಗೆ ಹೋದಾಗ ಅವ್ವ ರೊಟ್ಟಿ ತಟ್ಟುತ್ತ ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಿ ಫೋನು ಹತ್ತತೈತೇನಪ್ಪ?”

“ಹತ್ತಬಹುದವ್ವ, ಆದ್ರ ರೊಕ್ಕ ಬಾಳ ಅಂತ.”

“ಸಮುದ್ರದಾಗ ಟವರು ಎಲ್ಲಿ ನೆಟ್ಟಿರ್ತಾರ!” ಎಂದು ಪಡಸಾಲೆಯಿಂದ ಅಪ್ಪ ನಕ್ಕರು. ಅವ್ವ ನಗಲಿಲ್ಲ. “ಹತ್ತೋದಿಲ್ಲ ಅಂದ್ರ ಈಗಲೇ ಹೇಳಿ ಹೋಗು. ಗೊತ್ತಿದ್ರ ನಾವು ಕಾಯೋದಿಲ್ಲ” ಎಂದಳು.

ಈ ಮಾತಿನ ತೂಕ ಆಗ ನನಗೆ ಹೊಳೆಯಲಿಲ್ಲ. ಹಡಗು ಹತ್ತಿದ ಮೇಲೆ ಹೊಳೆಯಿತು.

ಹುಬ್ಬಳ್ಳಿಯಲ್ಲಿ ರೈಲು ಹಿಡಿದು ಮುಂಬಯಿ ಸೇರಿ, ಬಲ್ಲಾರ್ಡ್ ಪಿಯರಿನಲ್ಲಿ ತಪಾಸಣೆಗಳನ್ನೆಲ್ಲ ಮುಗಿಸಿಕೊಂಡು ಒಳಹೊಕ್ಕ ವೃತ್ತಾಂತವನ್ನು ಬೆಳೆಸುವುದಿಲ್ಲ. ಹಡಗೆಂದರೆ ಹನ್ನೊಂದು ಅಂತಸ್ತಿನ ಮದುವೆಮನೆ ಎಂದರೆ ಸಾಕು. ಸೂರ್ಯಾಸ್ತದ ವೇಳೆಗೆ ಲಂಗರು ಎತ್ತಿದರು. ಮೇಲಟ್ಟದ ಮೇಲೆ ನೂರಾರು ಮಂದಿ ನಿಂತು ನಗರದ ದೀಪಗಳನ್ನು ನೋಡುತ್ತಿದ್ದರೆಂದು ನಾನು ಭಾವಿಸಿದ್ದೆ. ಸಮೀಪ ಹೋಗಿ ನೋಡಿದರೆ ಮುಕ್ಕಾಲು ಪಾಲು ಜನರ ದೃಷ್ಟಿ ಅಂಗೈಯ ಮೇಲಿತ್ತು. ದಡ ದೂರವಾದಂತೆ ಮೊಬೈಲಿನ ಮೂಲೆಯ ಗೆರೆಗಳು ಒಂದೊಂದಾಗಿ ಅಳಿದುಹೋಗುತ್ತಿದ್ದವು. ನಾಲ್ಕು, ಮೂರು, ಎರಡು. ಕೊನೆಯ ಗೆರೆ ಮಾಯವಾಗುವ ಹೊತ್ತಿಗೆ ಎಲ್ಲರೂ ಏರಿದ ದನಿಯಲ್ಲಿ “ಕೇಳಿಸ್ತಿದೆಯಾ, ಕೇಳಿಸ್ತಿದೆಯಾ” ಎಂದು ಹಲವು ಭಾಷೆಗಳಲ್ಲಿ ಕೂಗುತ್ತಿದ್ದರು.

ಅನಂತರ ಎಲ್ಲರೂ ಕೆಳಗಿಳಿದು ದರಪಟ್ಟಿಯ ಮುಂದೆ ಸೇರಿದೆವು. ಒಂದು ಉಪಕರಣಕ್ಕೆ ಒಂದು ದಿನಕ್ಕೆ ಇಷ್ಟು, ಸಂದೇಶ ಮಾತ್ರವಾದರೆ ಇಷ್ಟು, ಚಲಚ್ಚಿತ್ರ ನೋಡುವುದಾದರೆ ಇಷ್ಟು. ಊರಿನಲ್ಲಿ ಅಪ್ಪನ ಮೊಬೈಲಿಗೆ ಇಪ್ಪತ್ತೆಂಟು ದಿನಗಳಿಗೆ ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ನಾನು ರೀಚಾರ್ಜು ಮಾಡಿಸುತ್ತೇನೆ. ಅದರ ನಾಲ್ಕೈದು ಪಟ್ಟು ಹಣ ಇಲ್ಲಿ ಒಂದು ಹಗಲಿಗೆ, ಒಂದು ಇರುಳಿಗೆ. ಪರದೇಶದ ದೊಡ್ಡ ಹಡಗುಗಳಲ್ಲಿಯೂ ಬೆಲೆ ಹೀಗೆಯೇ. ದಿನಕ್ಕೆ ಹದಿನೈದರಿಂದ ಮೂವತ್ತು ಡಾಲರುಗಳ ನಡುವೆ. ಇಪ್ಪತ್ತು ಡಾಲರೆಂದರೂ ಸಾವಿರದ ಏಳುನೂರು ರೂಪಾಯಿಗೆ ಮಿಗಿಲಾಯಿತು. ನಾಲ್ಕು ಮಂದಿಯ ಸಂಸಾರ ಒಂದು ವಾರ ತೇಲಿದರೆ, ಆ ಹಣದಲ್ಲಿ ನಮ್ಮ ಕಡೆ ಒಂದು ಒಳ್ಳೆಯ ಹಾಲು ಕರೆಯುವ ಎಮ್ಮೆಯ ಮಾತುಕತೆ ಆರಂಭಿಸಬಹುದು.

ಇಷ್ಟು ದುಬಾರಿ ಏಕೆ? ದ್ವೀಪವಾದರೂ ಸರಿ, ಅದು ಇದ್ದ ಕಡೆ ಇರುತ್ತದೆ; ಅದಕ್ಕೆ ತಂತಿ ಎಳೆಯಬಹುದು. ಉಪಗ್ರಹವನ್ನೇ ನಂಬಿದ್ದ ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಸಮುದ್ರತಳದಲ್ಲಿ ತಂತಿಯನ್ನು ಹಾಸಿ 2024ರ ಜನವರಿಯಲ್ಲಿ ಉದ್ಘಾಟಿಸಿದರು. ಓಡುವ ಹಡಗಿಗೆ ತಂತಿ ಕಟ್ಟುವವರಾರು? ದಡದ ಗೋಪುರಗಳ ಅಲೆಗಳು ಕೆಲವು ಮೈಲಿಗಳಲ್ಲೇ ಸೋಲುತ್ತವೆ. ಉಳಿದದ್ದು ಆಕಾಶವೊಂದೇ. ಹಡಗಿನ ನೆತ್ತಿಯ ಮೇಲೆ ಬಿಳಿಯ ಗುಮ್ಮಟಗಳಂತೆ ಕಾಣುವ ಮರೆಗಳೊಳಗೆ ಬೋಗುಣಿಯಾಕಾರದ ಗ್ರಾಹಕಗಳಿರುತ್ತವೆ. ಹಡಗು ಎಷ್ಟೇ ಓಲಾಡಿದರೂ ಅವು ಮುಖ ತಿರುಗಿಸದೆ ಉಪಗ್ರಹವನ್ನೇ ದಿಟ್ಟಿಸುತ್ತಿರಬೇಕು. ಹಳೆಯ ಬಗೆಯ ಉಪಗ್ರಹವಿರುವುದು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ. “ಊಟವಾಯಿತೆ?” ಎಂಬ ಪ್ರಶ್ನೆ ಅಷ್ಟು ಹತ್ತಿ ಇಳಿದು, “ಆಯಿತು” ಎಂಬ ಉತ್ತರ ಮತ್ತೆ ಅಷ್ಟೇ ಹತ್ತಿ ಇಳಿಯುವುದರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಈಚೆಗೆ 550 ಕಿಲೋಮೀಟರಿನ ಆಸುಪಾಸಿನಲ್ಲಿ ಸುತ್ತುವ ಸಣ್ಣ ಉಪಗ್ರಹಗಳ ಹಿಂಡು ಬಂದಿದೆ. ಹರಪನಹಳ್ಳಿಯಿಂದ ಬೆಂಗಳೂರಿಗೆ ಹೋಗಿಬಂದಷ್ಟು ದೂರ, ಅಷ್ಟೆ. ರಾಯಲ್ ಕೆರೀಬಿಯನ್ ಸಂಸ್ಥೆಯವರು 2022ರಲ್ಲಿ ತಮ್ಮ ಹಡಗುಗಳಿಗೆ ಇಂಥ ಸ್ಟಾರ್‌ಲಿಂಕ್ ಸಂಪರ್ಕವನ್ನು ಅಳವಡಿಸಲು ತೊಡಗಿದರು. ವೇಗ ಹೆಚ್ಚಿತು, ದರ ಮಾತ್ರ ಆ ವೇಗದಲ್ಲಿ ಇಳಿಯಲಿಲ್ಲ. ನಮ್ಮ ದೇಶದ ನೀರಿನಲ್ಲಿ ಹಡಗುಗಳಿಗೂ ವಿಮಾನಗಳಿಗೂ ಇಂಥ ಸೇವೆ ಒದಗಿಸಲು ಸರ್ಕಾರ ನಿಯಮಗಳನ್ನು ಮಾಡಿದ್ದೇ 2018ರ ಡಿಸೆಂಬರಿನಲ್ಲಿ.

ಕಡಲ ಮೇಲಿನ ಮಾತು ಹಿಂದೆಯೂ ಅಗ್ಗವಾಗಿರಲಿಲ್ಲ. 1912ರಲ್ಲಿ ಟೈಟಾನಿಕ್ ಹಡಗಿನ ಪ್ರಯಾಣಿಕರು ಮಾರ್ಕೋನಿ ಕೊಠಡಿಯಿಂದ ತಂತಿರಹಿತ ಸಂದೇಶ ಕಳುಹಿಸಲು ಮೊದಲ ಹತ್ತು ಪದಗಳಿಗೆ ಹನ್ನೆರಡು ಶಿಲಿಂಗ್ ಆರು ಪೆನ್ಸ್, ಆಮೇಲಿನ ಪ್ರತಿ ಪದಕ್ಕೆ ಒಂಬತ್ತು ಪೆನ್ಸ್ ತೆರಬೇಕಾಗಿತ್ತು. ಕನ್ನಡದ ಮೇಷ್ಟರಿಗೆ ಇದು ಬಹಳ ಹಿಡಿಸಿದ ದರ. ಒಂದು ವಿಶೇಷಣಕ್ಕೆ ಒಂಬತ್ತು ಪೆನ್ಸ್ ಎಂದರೆ ನನ್ನ ವಿದ್ಯಾರ್ಥಿಗಳ ಎಷ್ಟೋ ಪ್ರಬಂಧಗಳು ಸುಧಾರಿಸಿಯಾವು! ಹಡಗುಗಳಿಗೆಂದೇ ಇನ್‌ಮಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1979ರಲ್ಲಿ ಸ್ಥಾಪನೆಯಾದ ಮೇಲೆ ಉಪಗ್ರಹದ ಮೂಲಕ ಮಾತನಾಡುವುದು ಹೆಚ್ಚು ಬಳಕೆಗೆ ಬಂದಿತು. ಆರಂಭದ ವರ್ಷಗಳಲ್ಲಿ ನಿಮಿಷಕ್ಕೆ ಹತ್ತು ಡಾಲರಿನಷ್ಟು. ಅನಂತರ ಹಡಗುಗಳಲ್ಲಿ ಅಂತರಜಾಲದ ಕೊಠಡಿಗಳು ಬಂದಾಗ ನಿಮಿಷಕ್ಕೆ ಎಪ್ಪತ್ತೈದು ಸೆಂಟು. ಈಗ ನಿಮಿಷದ ಲೆಕ್ಕ ಹೋಗಿ ದಿನದ ಲೆಕ್ಕ ಬಂದಿದೆ.

ಮೊದಲ ರಾತ್ರಿಗೆಂದು ನಾವು ಒಂದೇ ಒಂದು ಮೊಬೈಲಿಗೆ ಹಣ ಕಟ್ಟಿ, ಮೂರು ಸಂಸಾರದವರೂ ಸರದಿಯಲ್ಲಿ ನಮ್ಮ ನಮ್ಮ ಮನೆಗಳಿಗೆ ಕ್ಷೇಮ ಸಮಾಚಾರ ಕಳುಹಿಸಿದೆವು. ಇಲ್ಲಿ ಒಂದು ಮಾತು ಹೇಳಬೇಕು. ಹಡಗು ನಡುಗಡಲಿಗೆ ಸಾಗಿದ ಮೇಲೆ ತನ್ನದೇ ಒಂದು ಮೊಬೈಲ್ ಜಾಲವನ್ನು ಎಬ್ಬಿಸುತ್ತದೆ. ನಮ್ಮ ಕೈಯಲ್ಲಿರುವ ಯಂತ್ರ ಹಸಿದ ಕರುವಿನಂತೆ ತಾನಾಗಿಯೇ ಅದಕ್ಕೆ ಬಾಯಿಟ್ಟರೆ, ದಡಕ್ಕೆ ಮರಳಿದ ಮೇಲೆ ಬರುವ ಬಿಲ್ಲು ವೈಫೈ ದರವನ್ನು ಎಷ್ಟೋ ಮೀರಬಹುದು. ಹಡಗು ಹೊರಟೊಡನೆ ‘ಏರೋಪ್ಲೇನ್ ಮೋಡ್’ ಹಾಕಿ, ಬೇಕಾದರೆ ವೈಫೈ ಮಾತ್ರ ತೆರೆಯಿರಿ. ಅನೇಕ ಹಡಗುಗಳಲ್ಲಿ ಹತ್ತುವ ಮುನ್ನವೇ ಕೊಂಡರೆ ದರ ಸ್ವಲ್ಪ ಕಡಿಮೆ.

ಎರಡನೆಯ ದಿನದ ಸಂಜೆ ಊಟದ ಮನೆಯಲ್ಲಿ ನಾವು ಕನ್ನಡದಲ್ಲಿ ಈ ಲೆಕ್ಕವನ್ನೇ ಜಗ್ಗಾಡುತ್ತಿದ್ದುದನ್ನು ಕೇಳಿ, ತಟ್ಟೆ ಎತ್ತಲು ಬಂದ ಪರಿಚಾರಕ ಮುಗುಳ್ನಕ್ಕು “ನೀವು ಯಾವ ಊರು ಸರ್?” ಎಂದ. ಕಾರವಾರದ ಸಮೀಪದ ತರುಣ, ಮೂವತ್ತರ ಒಳಗಿನವನು. ಈ ಹಡಗಿಗೆ ಬರುವ ಮೊದಲು ಪರದೇಶದ ಹಡಗೊಂದರಲ್ಲಿ ದುಡಿದಿದ್ದನಂತೆ. ನೀಲಗುಂದ ಅವನಿಗೆ ಗೊತ್ತಿರಲಿಲ್ಲ. ಹರಪನಹಳ್ಳಿಯ ಹೆಸರು ಕೇಳಿದ್ದ. ಬಿಡುವು ಸಿಕ್ಕಾಗ ಬಂದು ನಿಂತುಕೊಂಡೇ ಮಾತಾಡಿದ. ಅತಿಥಿಗಳ ಮುಂದೆ ಕೂರುವಂತಿಲ್ಲವಷ್ಟೆ.

“ನೀವು ಮೂರು ದಿನ ಸುಮ್ಮನಿರಬಹುದು ಸರ್. ನಾವು ಎಂಟು ತಿಂಗಳು ಸುಮ್ಮನಿರೋದು ಹೇಗೆ?” ಎಂದ.

ಹಿಂದಿನ ಹಡಗಿನಲ್ಲಿ ನೌಕರರಿಗೆ ಬೇರೆ ದರ; ಪ್ರಯಾಣಿಕರಿಗಿಂತ ಕಡಿಮೆಯೇ. ಆದರೂ ಅದು ಸಂಬಳದಿಂದಲೇ ಹೋಗಬೇಕು. ತಿಂಗಳ ಮೊದಲ ವಾರ ಮನೆಯವರ ಮುಖ ನೋಡಿ ಮಾತಾಡುವುದು, ಎರಡನೆಯ ವಾರ ದನಿ ಮಾತ್ರ, ಆಮೇಲೆ ಬರಹ ಮಾತ್ರ. ಹೀಗೆ ಹಿಡಿತ ಮಾಡಿಕೊಂಡಿದ್ದನಂತೆ. ಅದಕ್ಕಿಂತ ಅವನನ್ನು ಕಾಡಿದ್ದು ಮತ್ತೊಂದು ಸಂಗತಿ. ತಂಗಿಯ ಕಾಲೇಜಿನ ಶುಲ್ಕ ಕಟ್ಟಲು ಕೊನೆಯ ದಿನ. ಹಣ ಅವನ ಖಾತೆಯಲ್ಲಿತ್ತು. ಅಂತರಜಾಲಕ್ಕೂ ಹಣ ಕಟ್ಟಿದ್ದ. ಆದರೆ ಬ್ಯಾಂಕು ಕಳುಹಿಸುವ ಓಟಿಪಿ ಬರುವುದು ಅವನ ಊರಿನ ಸಿಮ್ಮಿಗೆ, ಸಾಮಾನ್ಯ ಎಸ್ಸೆಮ್ಮೆಸ್ಸಾಗಿ. ಹಡಗಿನ ವೈಫೈಯಲ್ಲಿ ಅದು ಬರಲಿಲ್ಲ. ಹಡಗು ಅಟ್ಲಾಂಟಿಕ್ ದಾಟುತ್ತಿತ್ತು. ಮುಂದಿನ ಬಂದರಿಗೆ ಇನ್ನೂ ನಾಲ್ಕು ದಿನ.

“ಆರು ಅಂಕಿ ಸರ್. ಆರೇ ಆರು ಅಂಕಿ. ಅದೊಂದಕ್ಕೆ ನಾನು ಎಷ್ಟು ಬೇಕಾದರೂ ಕೊಡ್ತಿದ್ದೆ.”

ಕೊನೆಗೆ ಊರಿನ ಗೆಳೆಯನೊಬ್ಬ ಕೈಗಡ ಕೊಟ್ಟು ಶುಲ್ಕ ಕಟ್ಟಿದನಂತೆ. ಅದು ಕಟ್ಟಿತೋ ಇಲ್ಲವೋ ಎಂದು ತಿಳಿಯುವ ತನಕ ಇವನು ಎರಡು ಹೊತ್ತು ಊಟ ಬಡಿಸುತ್ತ ನಗುತ್ತಲೇ ಇರಬೇಕಾಯಿತು.

ನನಗೆ ನಮ್ಮ ಚಿಕ್ಕಪ್ಪನ ನೆನಪಾಯಿತು. ಕಾಫಿ ತೋಟಕ್ಕೆ ಗುಳೆ ಹೋದರೆ ಮೂರು ತಿಂಗಳು ಸುದ್ದಿಯಿಲ್ಲ. ಅದೇ ತೋಟದಿಂದ ಮರಳಿದವರು ಯಾರಾದರೂ “ನಿಮ್ಮಾತ ಚಲೋ ಅದಾನ” ಎಂದು ಬಾಗಿಲಲ್ಲಿ ಹೇಳಿಹೋದರೆ ಮನೆಯಲ್ಲಿ ಅಂದು ಹಬ್ಬ. ಆಗ ಫೋನು ಇರಲಿಲ್ಲ. ಆದ್ದರಿಂದ ಇಂಥ ಹೊತ್ತಿಗೆ ಬರಬೇಕೆಂಬ ಕರೆಯೂ ಇರಲಿಲ್ಲ. ಇಂದು ರಾತ್ರಿ ಒಂಬತ್ತಕ್ಕೆ ಬರಬೇಕಾದ ಕರೆ ಒಂಬತ್ತೂವರೆಗೆ ಬರದಿದ್ದರೆ ಇಡೀ ಮನೆ ಎದ್ದು ಕೂರುತ್ತದೆ. ಹಡಗಿನವರು ನಮಗೆ ಮಾರುವುದು ಬರಿಯ ಅಲೆಗಳನ್ನಲ್ಲ, ಮನೆಯವರ ಆ ಅರ್ಧ ಗಂಟೆಯನ್ನು. ಪ್ರವಾಸಿಯಾದ ನಾನು ಅವ್ವನಿಗೆ ಒಂದು ಮಾತು ಹೇಳಿಹೋದರೆ ಆ ವೆಚ್ಚ ತಪ್ಪುತ್ತದೆ. ಹೊಟ್ಟೆಪಾಡಿಗೆ ತೇಲುವವನು ಏನು ಹೇಳಿಹೋದಾನು?

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು 3,711 ಮಂದಿಯೊಡನೆ ಕೊರೋನಾ ದಿಗ್ಬಂಧನಕ್ಕೆ ಸಿಕ್ಕಿದ್ದು ವಾಚಕರಿಗೆ ನೆನಪಿರಬಹುದು. ಅದರಲ್ಲಿ 138 ಭಾರತೀಯರಿದ್ದರು. ಅವರಲ್ಲಿ 132 ಮಂದಿ ಹಡಗಿನ ನೌಕರರು. ಕಾರವಾರದ ತರುಣನೊಬ್ಬನೂ ಇದ್ದುದನ್ನು ಆಗಿನ ಪತ್ರಿಕೆಗಳು ಬರೆದಿದ್ದವು. ಆ ದಿನಗಳಲ್ಲಿ ಹಡಗಿನವರು ಅಂತರಜಾಲವನ್ನು ಉಚಿತವಾಗಿ ಬಿಟ್ಟುಕೊಟ್ಟರು. ಅದರಿಂದಲೇ ಒಳಗಿದ್ದವರು ತಮ್ಮ ಸ್ಥಿತಿಯನ್ನು ಚಿತ್ರಸಹಿತ ಹೊರಗೆ ತಿಳಿಸಿದರು, ಮನೆಯವರು ಮಕ್ಕಳ ಮುಖ ಕಂಡರು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದೆಹಲಿಗೆ ತಂದಿಳಿಸಿತು.

ಹಡಗಿನ ದುಡಿಮೆಗಾರರ ಈ ಕೊರಗು ತಡವಾಗಿಯಾದರೂ ಕಾನೂನಿನ ಕಿವಿಗೆ ಬಿದ್ದಿದೆ. 2006ರ ಸಾಗರ ಕಾರ್ಮಿಕ ಒಡಂಬಡಿಕೆಗೆ 2022ರಲ್ಲಿ ಒಪ್ಪಿದ ತಿದ್ದುಪಡಿಗಳು 2024ರ ಡಿಸೆಂಬರ್ 23ರಿಂದ ಜಾರಿಗೆ ಬಂದವು. ಹಡಗಿನ ಮಾಲಿಕರು ನೌಕರರಿಗೆ, ಸಾಧ್ಯವಿದ್ದಷ್ಟು ಮಟ್ಟಿಗೆ, ಅಂತರಜಾಲ ಸಂಪರ್ಕ ಒದಗಿಸಬೇಕು. ದರ ವಿಧಿಸುವುದಾದರೆ ಅದು ನ್ಯಾಯವಾದ ದರವಾಗಿರಬೇಕು ಎಂಬುದು ಅದರ ತಿರುಳು. ಭಾರತವು ಈ ಒಡಂಬಡಿಕೆಯನ್ನು 2015ರಲ್ಲಿಯೇ ಅಂಗೀಕರಿಸಿದೆ. ‘ನ್ಯಾಯವಾದ’ ಎಂಬ ಪದ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂಬುದು ಭಾಷೆಯ ಮೇಷ್ಟರಾದ ನಮಗೆ ತಿಳಿಯದ್ದೇನಲ್ಲ. ಆದರೂ ಪದ ಒಳಗೆ ಬಂದಿತಲ್ಲ, ಅದೇ ದೊಡ್ಡದು ಎಂದುಕೊಂಡೆ. ಇದನ್ನು ನಮ್ಮ ತರುಣನಿಗೆ ಹೇಳಿದಾಗ ಅವನು ಬಹಳ ಆಸಕ್ತಿಯಿಂದ ಕೇಳಿ, “ಓಟಿಪಿ ವಿಷಯ ಅದರಲ್ಲಿ ಇದೆಯಾ ಸರ್?” ಎಂದ. ಇಲ್ಲವೆಂದೆ.

ಮರುದಿನ ಬೆಳಗಾಗುವಾಗ ಹಡಗು ಮುರ್ಮುಗೋವೆ ಬಂದರಿಗೆ ಬಂದಿತ್ತು. ಕಿಟಕಿಯಾಚೆ ಕೆಂಪು ಗುಡ್ಡ, ತೆಂಗು, ಅದಿರು ಸಾಗಿಸುವ ದೋಣಿಗಳು. ಮೊಬೈಲುಗಳೆಲ್ಲ ಒಟ್ಟಿಗೇ ಗುಣುಗುಟ್ಟಿ ಎಚ್ಚತ್ತವು. ಪ್ರವಾಸಿಗಳಿಗಾಗಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಹಳೆಯ ಗೋವೆಯ ಇಗರ್ಜಿಗಳಿಗೆ ಹೋಗುವವರು ಒಂದು ಕಡೆ, ಕಡಲತೀರಕ್ಕೆ ಹೋಗುವವರು ಇನ್ನೊಂದು ಕಡೆ. ನಾವು ಬಸ್ಸು ಏರುವಾಗ ಬಂದರಿನ ಹೊರಗೋಡೆಯ ನೆರಳಿನಲ್ಲಿ ಹಡಗಿನ ನೌಕರರು ಹದಿನೈದಿಪ್ಪತ್ತು ಮಂದಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅವರಿಗೆ ಎರಡು ಗಂಟೆಯ ಬಿಡುವು. ಗೋವೆಯನ್ನು ನೋಡಲು ಒಬ್ಬನೂ ಹೋಗಿರಲಿಲ್ಲ. ಕೊಂಕಣಿ, ಮರಾಠಿ, ಮಲೆಯಾಳ, ಕನ್ನಡ ಎಲ್ಲವೂ ಏಕಕಾಲಕ್ಕೆ ಕೇಳಿಬರುತ್ತಿತ್ತು. ನಮ್ಮ ತರುಣ ಮೊಬೈಲನ್ನು ಮುಖದೆದುರು ಎತ್ತಿ ಹಿಡಿದು, ಯಾರಿಗೋ ಹಿಂದಿದ್ದ ಹಡಗನ್ನು ತೋರಿಸುತ್ತಿದ್ದ. ಬಸ್ಸಿನಿಂದ ನಾನು ಕೈಬೀಸಿದ್ದನ್ನು ಅವನು ಗಮನಿಸಲಿಲ್ಲ.