ಪಕ್ಕದ ಎಲೆಯ ಪಾಠ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಊಟವನ್ನೂ ಮಾತನ್ನೂ ಒಂದೇ ಗಾದೆಯೊಳಗೆ ಅಕ್ಕಪಕ್ಕ ಕೂರಿಸಿದವರು ಯಾರೋ, ಜಾಣರೇ ಇರಬೇಕು. ಉಣ್ಣುವಾಗ ಮನುಷ್ಯನ ಬಿಗುಮಾನ ಸಡಿಲವಾಗುತ್ತದೆ. ವೇದಿಕೆಯ ಮೇಲೆ ಶಾಲು ಹೊದ್ದು ಕುಳಿತ ಅತಿಥಿ ಒಂದು ಗಂಟೆ ಭಾಷಣ ಮಾಡಿಯೂ ಹೇಳದ ಮಾತನ್ನು, ಅದೇ ಅತಿಥಿ ಸಾರನ್ನ ಕಲಸಿಕೊಳ್ಳುತ್ತಾ ಎರಡು ನಿಮಿಷದಲ್ಲಿ ಹೇಳಿಬಿಡುತ್ತಾರೆ.

ನನ್ನ ತಂದೆ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಇಂದಿನ ಹುಡುಗರಿಗೆ ಆ ಪದವನ್ನು ಬಿಡಿಸಿ ಹೇಳಬೇಕಾಗುತ್ತದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರಕ್ಕೆ ಏಳು ಮನೆಗಳಲ್ಲಿ ಬಡ ವಿದ್ಯಾರ್ಥಿಗೆ ಊಟ. ಸೋಮವಾರದ ಮನೆ ಒಬ್ಬ ವಕೀಲರದು. ಅವರು ಹುಡುಗನನ್ನು ತಮ್ಮ ಪಕ್ಕದ ಎಲೆಗೇ ಕೂರಿಸಿಕೊಂಡು, ಎದುರಿಗಿದ್ದ ಜೂನಿಯರ್ ಜೊತೆ ಅಂದಿನ ಕೇಸಿನ ಮಾತಾಡುತ್ತಿದ್ದರಂತೆ. ‘ನಮ್ಮ ಕಾಗದ ಆಮೇಲೆ ಓದಯ್ಯ, ಎದುರು ಪಕ್ಷದವರ ಕಾಗದ ಮೊದಲು ಓದು’ ಎಂದು ಅವರು ಹೇಳಿದ ಮಾತನ್ನು ನನ್ನ ತಂದೆ ಜೀವನಪೂರ್ತಿ ಹಿಡಿದುಕೊಂಡರು. ಮುಂದೆ ಕೋರ್ಟಿನಲ್ಲಿ ಶಿರಸ್ತೇದಾರರಾದ ಮೇಲೂ ಮನೆಗೆ ಬಂದ ವಿಮೆಯ ಪತ್ರ, ಬ್ಯಾಂಕಿನ ಪತ್ರ, ಏನೇ ಇರಲಿ, ಕೊನೆಯ ಸಾಲಿನ ತನಕ ಓದದೆ ರುಜು ಹಾಕುತ್ತಿರಲಿಲ್ಲ.

ಗುರುವಾರದ ಮನೆಯ ಕಥೆಯೇ ಬೇರೆ. ಅಲ್ಲಿ ಹುಡುಗನಿಗೆ ಹಿಂದಿನ ಜಗಲಿಯ ಮೇಲೆ ಎಲೆ. ಮನೆಯವರ ಪಂಕ್ತಿ ಒಳಗೆ. ‘ಆ ಮನೆಯ ಊಟ ಚೆನ್ನಾಗಿಯೇ ಇರ್ತಿತ್ತು. ಹೊಟ್ಟೆ ತುಂಬ್ತಿತ್ತು, ಕಿವಿ ತುಂಬ್ತಿರಲಿಲ್ಲ’ ಎನ್ನುತ್ತಿದ್ದರು ತಂದೆ. ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು. ಹೆಚ್ಚಾಗಿ ಜಾತಿ ನೋಡಿಯೇ ಎಲೆ ಹಾಕುತ್ತಿದ್ದ ಕಾಲ ಅದು. ಬಾಗಿಲ ಹೊರಗೇ ಉಳಿದವರು ಅನ್ನವನ್ನಷ್ಟೇ ಅಲ್ಲ, ಆ ಮಾತುಗಳನ್ನೂ ಕಳೆದುಕೊಂಡರು.

ಜೊತೆಗೆ ಉಣ್ಣುವುದಕ್ಕೂ ಒಂದೇ ಸೂರಿನ ಕೆಳಗೆ ಬೇರೆ ಬೇರೆ ಉಣ್ಣುವುದಕ್ಕೂ ಇರುವ ಈ ವ್ಯತ್ಯಾಸವನ್ನು ಗಾಂಧೀಜಿ ಲಂಡನ್ನಿನಲ್ಲಿ ಕಂಡಿದ್ದರು. 1888ರಲ್ಲಿ ಅವರು ಬ್ಯಾರಿಸ್ಟರ್ ಓದಲು ಇನ್ನರ್ ಟೆಂಪಲ್ ಸೇರಿದಾಗ, ಪರೀಕ್ಷೆ ಪಾಸಾಗುವುದರ ಜೊತೆಗೆ ಹನ್ನೆರಡು ಟರ್ಮುಗಳನ್ನು ಪೂರೈಸಬೇಕಿತ್ತು. ಟರ್ಮು ಪೂರೈಸುವುದೆಂದರೆ ಊಟಕ್ಕೆ ಹಾಜರಾಗುವುದು! ಒಂದು ಟರ್ಮಿನಲ್ಲಿ ಸುಮಾರು ಇಪ್ಪತ್ನಾಲ್ಕು ಔತಣಗಳು. ಕನಿಷ್ಠ ಆರಕ್ಕಾದರೂ ಹೋಗಬೇಕು. ನಾಲ್ಕು ಜನರಿಗೆ ಎರಡು ಬಾಟಲಿ ವೈನ್. ವೈನ್ ಮುಟ್ಟದ ಗಾಂಧಿಯನ್ನು ತಮ್ಮ ಗುಂಪಿಗೆ ಸೇರಿಸಿಕೊಳ್ಳಲು ಉಳಿದವರು ಪೈಪೋಟಿ ನಡೆಸುತ್ತಿದ್ದರಂತೆ.

ಈ ಊಟಕ್ಕೂ ವಕೀಲಿಗೂ ಏನು ಸಂಬಂಧವೆಂದು ಗಾಂಧೀಜಿಗೆ ತಿಳಿಯಲಿಲ್ಲ. ಹಿಂದೊಮ್ಮೆ ವಿದ್ಯಾರ್ಥಿಗಳು ಕಡಿಮೆಯಿದ್ದಾಗ ಹಿರಿಯ ವಕೀಲರ ಜೊತೆ ಕುಳಿತು ಮಾತಾಡುತ್ತಾ ಲೋಕಜ್ಞಾನ ಪಡೆಯುವ ಅವಕಾಶ ಅಲ್ಲಿತ್ತು. ಅವರ ಕಾಲಕ್ಕೆ ಹಿರಿಯರ ಮೇಜೇ ಬೇರೆಯಾಗಿತ್ತು. ಪದ್ಧತಿ ಉಳಿದು ಪ್ರಯೋಜನ ಹೋಗಿತ್ತು. 1891ರ ಜೂನ್ 10ರಂದು ಬ್ಯಾರಿಸ್ಟರ್ ಆದ ಅದೇ ಯುವಕ, ಮುಂಬೈಯ ಸಣ್ಣ ಕೋರ್ಟಿನಲ್ಲಿ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕುಳಿತುಬಿಟ್ಟರು. ಅಷ್ಟೆಲ್ಲ ಔತಣ ಉಂಡರೂ ಹತ್ತು ಜನರೆದುರು ಬಾಯಿ ಬಿಡುವುದು ಹೇಗೆಂದು ಪಕ್ಕದಲ್ಲಿ ಕುಳಿತು ಹೇಳಿಕೊಟ್ಟವರು ಇರಲಿಲ್ಲ.

ಇಪ್ಪತ್ತೆರಡು ವರ್ಷ ವಿಶ್ವವಿದ್ಯಾಲಯದಲ್ಲಿ ವಾಣಿಜ್ಯಶಾಸ್ತ್ರ ಪಾಠ ಹೇಳಿದ ನನಗೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿದ್ದಿದೆ. ಡಾಕ್ಟರ ಮಗಳಿಗೆ, ಲೆಕ್ಕ ಪರಿಶೋಧಕರ ಮಗನಿಗೆ ವೃತ್ತಿಯ ಅರ್ಧ ಪಾಠ ಮನೆಯ ಊಟದ ಹೊತ್ತಿನಲ್ಲೇ ಆಗಿರುತ್ತದೆ. ಮೇಲಧಿಕಾರಿ ಸಿಡುಕಿದರೆ ಏನು ಮಾಡಬೇಕು, ಸಂಬಳ ಹೆಚ್ಚಿಸಿ ಎಂದು ಹೇಗೆ ಕೇಳಬೇಕು, ಯಾವ ಕೆಲಸ ಬಿಡಬೇಕು, ಯಾವಾಗ ಬಿಡಬೇಕು ಎಂಬುದನ್ನೆಲ್ಲ ಅಪ್ಪ ಅಮ್ಮ ಮಾತಾಡಿಕೊಳ್ಳುವಾಗ ಕೇಳಿಸಿಕೊಂಡೇ ಅವರು ಬೆಳೆದಿರುತ್ತಾರೆ. ಇದೇ ತರಗತಿಯಲ್ಲಿ ಪಕ್ಕದ ಬೆಂಚಿನ ಹುಡುಗಿಯ ಮನೆಯಲ್ಲಿ ರಾತ್ರಿ ಊಟಕ್ಕೆ ಕುಳಿತರೆ ಮಾತು ಮಳೆಯದು, ರೇಷ್ಮೆಗೂಡಿನ ಧಾರಣೆಯದು. ಅದು ಕೀಳು ಮಾತಲ್ಲ. ಆದರೆ ಸಂದರ್ಶನದ ಕೋಣೆಯಲ್ಲಿ ಅದು ನೆರವಿಗೆ ಬರುವುದಿಲ್ಲ. ಇಬ್ಬರಿಗೂ ಅಂಕ ಒಂದೇ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದೇ ಇರುವುದಿಲ್ಲ.

ಇದಕ್ಕಾಗಿಯೇ ನಮ್ಮ ಹಾಸ್ಟೆಲಿನಲ್ಲಿ ತಿಂಗಳಿಗೊಂದು ಭಾನುವಾರ ಒಂದು ಚಿಕ್ಕ ಏರ್ಪಾಡು ಮಾಡಿಕೊಂಡೆವು. ಹಳೆಯ ವಿದ್ಯಾರ್ಥಿಗಳೋ ಊರಿನ ಪರಿಚಯಸ್ಥರೋ, ವೃತ್ತಿಯಲ್ಲಿ ಹತ್ತು ಹದಿನೈದು ವರ್ಷ ಕಳೆದ ಒಬ್ಬರು ಮೆಸ್ಸಿಗೆ ಮಧ್ಯಾಹ್ನದ ಊಟಕ್ಕೆ ಬರಬೇಕು. ಹಾರವಿಲ್ಲ, ಮೈಕಿಲ್ಲ, ಸ್ವಾಗತ ಭಾಷಣವಿಲ್ಲ. ಹುಡುಗರು ಉಣ್ಣುವ ಮುದ್ದೆ ಸಾರೇ ಅತಿಥಿಗೂ. ಒಂದು ಮೇಜಿಗೆ ಎಂಟೇ ಜನ. ಉಳಿದವರ ಸರದಿ ಮುಂದಿನ ತಿಂಗಳು.

ಬಂದವರು ಹೇಳಿದ್ದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಒಬ್ಬ ಲೆಕ್ಕ ಪರಿಶೋಧಕರು ತಾವು ಸಿ.ಎ. ಅಂತಿಮ ಪರೀಕ್ಷೆಯಲ್ಲಿ ಮೂರು ಸಲ ನಪಾಸಾದದ್ದನ್ನು ಹೇಳಿ, ‘ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಿ, ಆದರೆ ನಾಳೆ ಬೆಳಿಗ್ಗೆ ಹತ್ತಕ್ಕೆ ತಿಳ್ಕೊಂಡು ಹೇಳ್ತೀನಿ ಅಂತ ಸೇರಿಸಿ’ ಎಂದರು. ಕಟ್ಟಡದ ಕೆಲಸ ಮಾಡಿಸುವ ಇಂಜಿನಿಯರೊಬ್ಬರು, ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ತಮಗೆ ನಿಜವಾಗಿ ಪಾಠ ಹೇಳಿದವರು ಮೇಸ್ತ್ರಿಗಳು ಎಂದರು. ಹುಡುಗರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಸರ್, ನಿಮ್ಮ ಮೊದಲ ಸಂಬಳ ಎಷ್ಟು?’ ಯಾರೂ ಬೇಸರಿಸಿಕೊಳ್ಳಲಿಲ್ಲ. ಊಟದ ಮುಂದೆ ಅಂಥ ಪ್ರಶ್ನೆಗೂ ಜಾಗವಿದೆ.

ಎಲ್ಲ ಪಾಠವೂ ಸುಖವಾಗಿಯೇ ಮುಗಿಯುತ್ತದೆಂದು ಹೇಳಲಾರೆ. ಎಂ.ಕಾಂ. ಕೊನೆಯ ವರ್ಷದ ಒಬ್ಬ ಹುಡುಗಿಗೆ ಒಂದು ಕಂಪನಿಯಿಂದ ನೇಮಕದ ಪತ್ರ ಬಂದಿತ್ತು. ಚನ್ನಪಟ್ಟಣದ ಕಡೆಯ ರೈತನ ಮಗಳು. ಮನೆಯಲ್ಲಿ ಹಬ್ಬದ ಸಂಭ್ರಮ. ಆ ಭಾನುವಾರ ನಮ್ಮ ಮೆಸ್ಸಿಗೆ ಬಂದಿದ್ದವರು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ದುಡಿದ ಮಹಿಳೆ. ಕೈ ತೊಳೆದು ಬಂದು ಪತ್ರವನ್ನು ಎರಡು ಸಲ ಓದಿದರು. ‘ನೋಡಮ್ಮ, ಇಲ್ಲಿ ನಿನ್ನ ಅಸಲು ಅಂಕಪಟ್ಟಿಗಳನ್ನ ಎರಡು ವರ್ಷ ಅವರ ಹತ್ರವೇ ಇಟ್ಕೊಳ್ತೀವಿ ಅಂತ ಬರೆದಿದ್ದಾರೆ. ನಕಲು ಕೊಡು, ಅಸಲು ತೋರಿಸು. ಬಿಟ್ಟು ಬರಬೇಡ’ ಎಂದರು.

ಹುಡುಗಿ ಹಾಗೆಯೇ ಕೇಳಿದಳು. ಕಂಪನಿಯವರು ಒಪ್ಪಲಿಲ್ಲ. ಕೆಲಸ ಹೋಯಿತು. ಮುಂದಿನ ವಾರ ಅವಳ ತಂದೆ ನನ್ನನ್ನು ಹುಡುಕಿಕೊಂಡು ಬಂದರು. ಜಗಳವಾಡಲಿಲ್ಲ. ಬಾಗಿಲಲ್ಲೇ ನಿಂತು, ‘ಮೇಷ್ಟ್ರೇ, ನೀವು ದೊಡ್ಡೋರು ಊಟ ಮಾಡ್ಕೊಂಡು ಒಂದು ಮಾತು ಹೇಳ್ಬುಡ್ತೀರಿ. ಸಾಲ ತೀರ್ಸೋರು ನಾವು’ ಎಂದರು. ನಾನು ಕೊಡಬಹುದಾದ ಉತ್ತರವೇನೂ ಇರಲಿಲ್ಲ. ಆ ಮಾತು ಸತ್ಯವಾಗಿತ್ತು. ಬುದ್ಧಿ ಹೇಳುವವರು ಸಂಜೆ ಮನೆಗೆ ಹೋಗುತ್ತಾರೆ. ಅದರ ಬೆಲೆ ತೆರುವವರು ಬೇರೆ.

ಆ ಮಾತನ್ನು ಅತಿಥಿಗೆ ಮುಟ್ಟಿಸಿದೆ. ಅವರು ಮತ್ತೆ ಬಂದರು, ಈ ಸಲ ಕರೆಯದೆ. ಹುಡುಗಿಯ ಜೊತೆ ಕುಳಿತು ಅರ್ಜಿ ತಿದ್ದಿಸಿದರು, ಸಂದರ್ಶನದ ಅಭ್ಯಾಸ ಮಾಡಿಸಿದರು. ಐದು ತಿಂಗಳ ಮೇಲೆ ಅವಳಿಗೆ ಮೊದಲಿನದಕ್ಕಿಂತ ಕಡಿಮೆ ಸಂಬಳದ ಕೆಲಸವೊಂದು ಸಿಕ್ಕಿತು. ಅಂಕಪಟ್ಟಿಗಳು ಮನೆಯ ಟ್ರಂಕಿನಲ್ಲೇ ಇವೆ. ಒಂದೂವರೆ ವರ್ಷದ ನಂತರ ಇನ್ನೂ ಒಳ್ಳೆಯ ಕೆಲಸ ಬಂದಾಗ ಯಾರ ಅಪ್ಪಣೆಯನ್ನೂ ಕಾಯದೆ ಹೋದಳು. ತಂದೆಗೆ ಪೂರ್ತಿ ಸಮಾಧಾನವಾಯಿತೋ ಇಲ್ಲವೋ ನಾನು ಕೇಳಲಿಲ್ಲ.

ಅಂದಿನಿಂದ ಬರುವ ಅತಿಥಿಗಳಿಗೆ ನಮ್ಮದು ಒಂದೇ ಷರತ್ತು. ಬುದ್ಧಿ ಹೇಳಿದರೆ ಎರಡನೆಯ ಸಲವೂ ಬರಬೇಕು.

ವಿದ್ಯಾರ್ಥಿಗಳೇ, ಇಂಥ ಅವಕಾಶ ನಿಮಗೆ ಸಿಕ್ಕರೆ ‘ಯಶಸ್ಸಿನ ಗುಟ್ಟೇನು’ ಎಂದು ಕೇಳಬೇಡಿ. ಅದಕ್ಕೆ ಎಲ್ಲರ ಹತ್ತಿರವೂ ಸಿದ್ಧ ಉತ್ತರವಿರುತ್ತದೆ. ನಿನ್ನೆ ಬೆಳಿಗ್ಗೆಯಿಂದ ಸಂಜೆಯ ತನಕ ಆಫೀಸಿನಲ್ಲಿ ಏನು ಮಾಡಿದಿರಿ ಎಂದು ಕೇಳಿ. ಕೆಲಸ ಕೊಡಿಸಿ ಎಂದು ಮೊದಲ ಊಟಕ್ಕೇ ಕೇಳಬೇಡಿ. ಕೇಳಿದ್ದನ್ನು ಅಂದೇ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತಂದೆ ತಾಯಿಗಳಲ್ಲೂ ಒಂದು ಕೋರಿಕೆ. ನೀವು ವೃತ್ತಿಯಲ್ಲಿದ್ದರೆ ನಿಮ್ಮ ಮಗನ, ಮಗಳ ಹಾಸ್ಟೆಲಿನ ಗೆಳೆಯರನ್ನು ಒಂದು ಭಾನುವಾರ ಊಟಕ್ಕೆ ಕರೆಯಿರಿ. ವಿಶೇಷ ಅಡುಗೆ ಬೇಡ. ನಿಮ್ಮ ಮಕ್ಕಳೆದುರು ಆಫೀಸಿನ ವಿಷಯ ಹೇಗೆ ಮಾತಾಡುತ್ತೀರೋ ಹಾಗೆಯೇ ಮಾತಾಡಿ. ನಿಮ್ಮ ಮನೆಯಲ್ಲಿ ಅಂಥ ಮಾತು ನಡೆಯುವುದಿಲ್ಲವೆಂದರೆ, ಮಕ್ಕಳು ಇನ್ನೊಬ್ಬರ ಮನೆಗೆ ಊಟಕ್ಕೆ ಹೋಗುತ್ತೇವೆಂದಾಗ ಸಂಕೋಚಪಡದೆ ಕಳಿಸಿ. ಬಂದ ಮೇಲೆ ಏನು ಉಂಡೆ ಎಂದು ಕೇಳುವ ಜೊತೆಗೆ, ಅವರು ಏನು ಮಾತಾಡಿದರು ಎಂದೂ ಕೇಳಿ.